ಸೀತಾ ಅಶೋಕ ನಿಜಕ್ಕೂ ಅಪಾಯದಲ್ಲಿದೆಯಾ? ಪುಣೆಯಲ್ಲಿ ಕೂತು ಪತ್ತೆ ಮಾಡುವುದು ಹೇಗೆ

ಚೈತ್ರ ಬಂತು ಅಂದರೆ ವಾಟ್ಸಾಪ್‌ನಲ್ಲಿ ಕೇಸರಿ ಹೂಗೊಂಚಲಿನ ಒಂದು ಫೋಟೋ ತಿರುಗಲು ಶುರುವಾಗುತ್ತದೆ. ಕೆಳಗೆ ಒಂದು ಸಾಲು: "ಇದು ನಿಜವಾದ ಅಶೋಕ, ಅಳಿವಿನಂಚಿನಲ್ಲಿದೆ, ಮನೆಗೊಂದು ನೆಡಿ." ಫೋಟೋ ಸರಿಯಾದದ್ದೇ. ಆದರೆ ಅಳಿವಿನಂಚು ಅಂತ ಹೇಳಿದವರು ಯಾರು? ಯಾವಾಗ ಹೇಳಿದರು? ಎಲ್ಲಿರುವ ಮರದ ಬಗ್ಗೆ ಹೇಳಿದರು? ಈ ಮೂರು ಗೊತ್ತಿಲ್ಲದೆ ಸುಮ್ನೆ ಫಾರ್ವರ್ಡ್ ಮಾಡಿದರೆ ಮರಕ್ಕೇನೂ ಪ್ರಯೋಜನ ಇಲ್ಲ.

ಉತ್ತರ ಹುಡುಕುವುದು ಕಷ್ಟವಲ್ಲ. ಒಂದು ಫೋನು, ಒಂದು ಭಾನುವಾರ ಸಾಕು. ಪುಣೆ, ಮುಂಬೈ, ಗೋವಾದಲ್ಲಿರುವ ನಮ್ಮಂಥ ಕನ್ನಡಿಗರಿಗೆ ಇನ್ನೊಂದು ಅನುಕೂಲವೂ ಇದೆ. ನೆಟ್ಟು ಬೆಳೆಸಿದ ಮರ ಇಲ್ಲೇ ಪಾರ್ಕುಗಳಲ್ಲಿ ಸಿಗುತ್ತದೆ, ಕಾಡಿನ ಮರ ರಜೆಗೆ ಊರಿಗೆ ಹೋಗುವ ದಾರಿಯಲ್ಲಿರುವ ಘಟ್ಟದಲ್ಲೇ ಇದೆ. ಎರಡನ್ನೂ ನೋಡಿದವರಿಗೆ ಈ "ಅಪಾಯ" ಅನ್ನುವ ಮಾತು ಬೇಗ ಅರ್ಥವಾಗುತ್ತದೆ. ಅಶೋಕವನ್ನೇ ಹಿಡಿದು ಹೇಳುತ್ತೇನೆ. ಇದೇ ದಾರಿಯಲ್ಲಿ ಬೀಟೆ, ಹೊನ್ನೆ, ಯಾವುದನ್ನು ಬೇಕಾದರೂ ಪರೀಕ್ಷೆ ಮಾಡಬಹುದು.

ಮೊದಲು ಮರ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ

ಪುಣೆಯಲ್ಲಿ ಹೆಚ್ಚು ಕಡಿಮೆ ಎಲ್ಲಾ ಸೊಸೈಟಿಗಳ ಕಾಂಪೌಂಡ್ ಪಕ್ಕ ಒಂದು ಮರ ಸಾಲಾಗಿ, ನೆಟ್ಟಗೆ, ಕೊಂಬೆಗಳನ್ನೆಲ್ಲ ಕೆಳಕ್ಕೆ ಬಾಗಿಸಿಕೊಂಡು ನಿಂತಿರುತ್ತದೆ. ಮಾಲಿ ಅದನ್ನು ಅಶೋಕ ಅನ್ನುತ್ತಾನೆ, ಸೆಕ್ರೆಟರಿಯೂ ಅಶೋಕ ಅನ್ನುತ್ತಾರೆ. ಅದು ಕಂಬದ ಮರ. ಮರಾಠಿಯಲ್ಲಿ ಖೋಟಾ ಅಶೋಕ. ಸೀತಾಫಲದ ಕುಟುಂಬಕ್ಕೆ ಸೇರಿದ್ದು. (ಸೀತೆ ಎರಡೂ ಕಡೆ ಬರುತ್ತಾಳೆ, ಗೊಂದಲ ಮಾಡಿಕೊಳ್ಳಬೇಡಿ.) ಅದಕ್ಕೆ ಯಾವ ಅಪಾಯವೂ ಇಲ್ಲ, ನರ್ಸರಿಗಳಲ್ಲಿ ರಾಶಿ ರಾಶಿ ಸಿಗುತ್ತದೆ.

ನಾವು ಹುಡುಕುತ್ತಿರುವುದು ತೊಗರಿ, ಅವರೆ, ಹುಣಸೆ ಇರುವ ಬೇಳೆಕಾಳಿನ ಕುಟುಂಬದ ಮರ. 2017ರಲ್ಲಿ ಸಸ್ಯವಿಜ್ಞಾನಿಗಳು ಈ ದೊಡ್ಡ ಕುಟುಂಬವನ್ನು ಆರು ಉಪಕುಟುಂಬಗಳಾಗಿ ಮತ್ತೆ ವಿಂಗಡಿಸಿದರು. ಅದರಲ್ಲಿ ಅಶೋಕ, ಹುಣಸೆ ಎರಡೂ ಒಂದೇ ಗುಂಪಿಗೆ ಬಂದವು. ಮರ ಅಷ್ಟೇನೂ ಎತ್ತರ ಹೋಗುವುದಿಲ್ಲ, ಸುತ್ತ ಹರಡಿಕೊಂಡು ದಟ್ಟ ನೆರಳು ಕೊಡುತ್ತದೆ.

ಗುರುತಿಸಲು ಹೂವೇ ಬೇಕು ಅಂತಿಲ್ಲ, ಎಲೆ ಸಾಕು. ಕಂಬದ ಮರದ್ದು ಒಂಟಿ ಎಲೆ: ಉದ್ದ, ಅಂಚು ಅಲೆ ಅಲೆ. ಸೀತಾ ಅಶೋಕದ್ದು ಕೂಡೆಲೆ, ಅಂದರೆ ಒಂದೇ ಕಡ್ಡಿಯಲ್ಲಿ ನಾಲ್ಕರಿಂದ ಆರು ಜೊತೆ ಕಿರುಎಲೆಗಳು, ತುದಿಯಲ್ಲಿ ಒಂಟಿ ಎಲೆ ಇಲ್ಲ. ಅನುಮಾನ ಬಂದರೆ ಮೊಗ್ಗು ಹುಡುಕಿ, ಹೂವಿನದಲ್ಲ, ಚಿಗುರಿನದು. ಕಿರುಎಲೆಯ ಬುಡದಲ್ಲಿ ಮೊಗ್ಗು ಇರುವುದಿಲ್ಲ, ಇಡೀ ಕಡ್ಡಿ ಕೊಂಬೆಗೆ ಸೇರುವ ಜಾಗದಲ್ಲಿ ಮಾತ್ರ ಇರುತ್ತದೆ. ಕಣ್ಣಿಗೆ ಹತ್ತಿರ ಹಿಡಿದು ನೋಡಿದರೆ ಒಂದು ನಿಮಿಷದ ಕೆಲಸ.

ಚಿಗುರು ಇದ್ದರಂತೂ ಇನ್ನೂ ಸುಲಭ. ಹೊಸ ಎಲೆಗಳ ಇಡೀ ಗೊಂಚಲು ತಾಮ್ರದ ಬಣ್ಣದಲ್ಲಿ, ಹಿಂಡದೆ ಒಣಹಾಕಿದ ಬಟ್ಟೆಯಂತೆ ಜೋತು ಬಿದ್ದಿರುತ್ತದೆ. ಮುಟ್ಟಿದರೆ ಕಸುವೇ ಇಲ್ಲ. ಕೆಲವು ದಿನ ಕಳೆದ ಮೇಲೆ ಹಸಿರಾಗಿ ಗಟ್ಟಿಯಾಗುತ್ತದೆ. ಆದರೆ ಇದೊಂದನ್ನೇ ನಂಬಿ ತೀರ್ಮಾನ ಮಾಡಬೇಡಿ. ಪಾರ್ಕುಗಳಲ್ಲಿ ನೆಡುವ ಬ್ರೌನಿಯಾ ಅನ್ನುವ ವಿದೇಶಿ ಮರದ ಚಿಗುರೂ ಹೀಗೇ ಜೋಲುತ್ತದೆ. ಅದರ ಹೂವು ಕಡು ಕೆಂಪಿನ ದೊಡ್ಡ ಚೆಂಡು. ನರ್ಸರಿಗಳಲ್ಲಿ "ಹಳದಿ ಅಶೋಕ" ಅಂತ ಮಾರುವುದು ಆಗ್ನೇಯ ಏಷ್ಯಾದ ಇನ್ನೊಂದು ಸರಾಕಾ, ಅಂದರೆ ಅಶೋಕದ ಹತ್ತಿರದ ನೆಂಟ. ಚಂದದ ಮರವೇ, ಆದರೆ ನಮ್ಮದಲ್ಲ.

ಹೂವು ನೋಡಬೇಕಾದರೆ ಮಾಘದಿಂದ ಚೈತ್ರದವರೆಗೆ ಹೋಗಿ. ಪಂಚಾಂಗದಲ್ಲಿ ರಾಮನವಮಿಯ ಹಿಂದಿನ ದಿನ ಅಶೋಕಾಷ್ಟಮಿ ಇದೆ, ಆ ದಿನ ಅಶೋಕದ ಮೊಗ್ಗು ತಿನ್ನುವ ಪದ್ಧತಿ ಮಹಾರಾಷ್ಟ್ರದ ಕೆಲವು ಮನೆಗಳಲ್ಲಿ ಈಗಲೂ ಉಂಟು, ಅಂದರೆ ಹೂಬಿಡುವ ಕಾಲ ಯಾವುದು ಅಂತ ಪಂಚಾಂಗವೇ ಹೇಳಿಬಿಡುತ್ತದೆ. ಹೂವು ಕೊಂಬೆ ತುದಿಯಲ್ಲಷ್ಟೇ ಅಲ್ಲ, ಹಳೆಯ ಕೊಂಬೆ, ಕಾಂಡದ ಮೇಲೂ ಗೊಂಚಲಾಗಿ ಅರಳುತ್ತದೆ. ಒಂದು ಬಿಡಿ ಹೂವು ಕೈಯಲ್ಲಿ ಹಿಡಿದು ನೋಡಿ. ದಳ ಅಂದುಕೊಂಡದ್ದು ದಳವೇ ಅಲ್ಲ. ಈ ಹೂವಿಗೆ ದಳಗಳಿಲ್ಲ, ಬಣ್ಣ ತುಂಬಿಕೊಂಡಿರುವುದು ನಾಲ್ಕು ಪುಷ್ಪಪತ್ರಗಳು, ಅಂದರೆ ಬೇರೆ ಹೂಗಳಲ್ಲಿ ದಳದ ಹೊರಗೆ ಹಸಿರಾಗಿರುವ ಭಾಗ. ಅದರ ನಡುವಿಂದ ಏಳೆಂಟು ಉದ್ದ ಕೇಸರಗಳು ಹೊರಗೆ ಚಾಚಿರುತ್ತವೆ. ಅರಳಿದಾಗ ಹಳದಿ-ಕೇಸರಿ, ಹಳತಾದಂತೆ ಕೆಂಪು. ಒಂದೇ ಗೊಂಚಲಲ್ಲಿ ಮೂರೂ ಬಣ್ಣ ಕಾಣುವುದು ಅದಕ್ಕೇ. ಸಂಜೆಯ ಮೇಲೆ ಪರಿಮಳ ಜಾಸ್ತಿ.

ಮುಂಬೈಯವರಿಗೆ ಬೈಕುಲ್ಲಾದ ರಾಣಿಬಾಗ್ ಇದೆ, ಅಲ್ಲಿ ಸೀತಾ ಅಶೋಕ ನೋಡಬಹುದು. ಪುಣೆಯಲ್ಲಿ ಖಾತ್ರಿ ಮಾಡಿಕೊಳ್ಳಬೇಕು ಅಂದರೆ ಕೋರೆಗಾಂವ್ ಪಾರ್ಕಿನಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ವಲಯ ಕೇಂದ್ರ ಇದೆ. ಒಣಗಿಸಿದ ಸಸ್ಯ ಮಾದರಿಗಳ ದೊಡ್ಡ ಸಂಗ್ರಹ ಅವರದು. ಇಷ್ಟು ಹತ್ತಿರ ಇದ್ದೂ ನಮ್ಮಲ್ಲಿ ಅನೇಕರಿಗೆ ಅದು ಗೊತ್ತೇ ಇಲ್ಲ.

ಹೆಸರು ತಪ್ಪಿದರೆ ಬೇರೆ ಮರದ ಪುಟ ತೆರೆಯುತ್ತದೆ

ಇಂಟರ್ನೆಟ್‌ನಲ್ಲಿ ಹುಡುಕುವಾಗ ಸಸ್ಯನಾಮವನ್ನೇ ಹಾಕಿ: ಸರಾಕಾ ಅಸೋಕಾ (Saraca asoca). ಹಳೆಯ ಪುಸ್ತಕಗಳಲ್ಲಿ, ಎಷ್ಟೋ ಔಷಧದ ಬಾಟಲಿಗಳ ಮೇಲೆ ಇವತ್ತಿಗೂ ಸರಾಕಾ ಇಂಡಿಕಾ ಅಂತಲೇ ಇರುತ್ತದೆ. "ಇಂಡಿಕಾ" ಅಂದ ಮೇಲೆ ಇಂಡಿಯಾದ್ದೇ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಆದರೆ ಗಿಡಮರಗಳಿಗೆ ಎರಡು ಪದದ ಸಸ್ಯನಾಮ ಇಡುವ ಪದ್ಧತಿ ತಂದ ಲಿನೇಯಸ್ ಆ ಹೆಸರು ಕೊಟ್ಟದ್ದು ಜಾವಾ ಕಡೆಯ ಮರಕ್ಕೆ. ನಮ್ಮ ಮರಕ್ಕೆ ರಾಕ್ಸ್‌ಬರ್ಗ್ ಎಂಬ ಸಸ್ಯವಿಜ್ಞಾನಿ, ಸಂಸ್ಕೃತ ವಿದ್ವಾಂಸ ವಿಲಿಯಂ ಜೋನ್ಸ್ ನೆನಪಿಗೆ, ಜೋನೇಸಿಯಾ ಅಸೋಕಾ ಅಂತ ಹೆಸರಿಟ್ಟಿದ್ದ. ಆಮೇಲೆ ಎರಡನ್ನೂ ಒಂದೇ ಅಂದುಕೊಂಡು ಬಹಳ ಕಾಲ ಇಂಡಿಕಾ ಅಂತಲೇ ಬರೆದರು. 1960ರ ದಶಕದ ಕೊನೆಯಲ್ಲಿ ಡಿ ವೈಲ್ಡ್ ಎಂಬ ಡಚ್ ವಿಜ್ಞಾನಿ ಇವೆರಡನ್ನೂ ಬಿಡಿಸಿಟ್ಟ ಮೇಲೆ ಸರಾಕಾ ಅಸೋಕಾ ಅನ್ನುವುದು ನಿಂತಿತು.

ಹಾಗಾಗಿ ಮೊದಲು ಲಂಡನ್ನಿನ ಕ್ಯೂ ಉದ್ಯಾನದವರ ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್ ತಾಣದಲ್ಲಿ ಹೆಸರು ಹಾಕಿ ನೋಡಿ. ಈಗ ಒಪ್ಪಿರುವ ಹೆಸರು ಯಾವುದು, ಹಳೆಯ ಹೆಸರುಗಳು ಯಾವುವು, ಮರ ಸಹಜವಾಗಿ ಬೆಳೆಯುವ ದೇಶಗಳು ಯಾವುವು, ಎಲ್ಲ ಒಂದೇ ಪುಟದಲ್ಲಿ ಸಿಗುತ್ತದೆ. ಕನ್ನಡದ ಹೆಸರು ಹಾಕಿ ಹುಡುಕಿದರೆ ಕೆಂಕಲಿ, ಅಚೆಂಗೆ ಅಂತ ಬೇರೆ ಬೇರೆ ಬರುತ್ತವೆ. ಊರಿನವರ ಹತ್ತಿರ ಮಾತಾಡಲು ಅವು ಬೇಕು, ಪಟ್ಟಿ ಹುಡುಕಲು ಸಾಲದು.

ಕೆಂಪು ಪಟ್ಟಿಯ ಪುಟದಲ್ಲಿ ಏನು ಓದಬೇಕು

ಈಗ ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ರೆಡ್ ಲಿಸ್ಟ್, ಅಂದರೆ ಕೆಂಪು ಪಟ್ಟಿಯ ತಾಣಕ್ಕೆ ಹೋಗಿ. ಪ್ರಪಂಚದ ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ದರ್ಜೆ ಕೊಡುವ ಪಟ್ಟಿ ಇದು. ಓದಲು ದುಡ್ಡು ಕೊಡಬೇಕಿಲ್ಲ. ಸರಾಕಾ ಅಸೋಕಾ ಅಂತ ಹಾಕಿದರೆ ಒಂದು ದುಂಡನೆಯ ಗುರುತಿನಲ್ಲಿ ವಿಯು ಅಂತ ಕಾಣಿಸುತ್ತದೆ. ವಲ್ನರಬಲ್ ಅಂತ ಅರ್ಥ. ಫಾರ್ವರ್ಡ್ ಮಾಡುವವರು ಅಲ್ಲಿಗೇ ನಿಲ್ಲಿಸುತ್ತಾರೆ. ನೀವು ಇನ್ನೂ ಮೂರು ವಿಷಯ ನೋಡಿ.

ಮೊದಲನೆಯದು, ಆ ದರ್ಜೆ ಏಣಿಯ ಎಷ್ಟನೇ ಮೆಟ್ಟಿಲು ಅನ್ನುವುದು. ಕಾಡಿನಲ್ಲಿ ಇನ್ನೂ ಇರುವ, ಆದರೆ ಅಪಾಯದಲ್ಲಿರುವ ಜೀವಿಗಳಿಗೆ ಮೂರು ದರ್ಜೆ: ವಲ್ನರಬಲ್, ಅದರ ಮೇಲೆ ಎಂಡೇಂಜರ್ಡ್, ಅದರ ಮೇಲೆ ಕ್ರಿಟಿಕಲಿ ಎಂಡೇಂಜರ್ಡ್. ಅಶೋಕ ಮೊದಲನೆಯದರಲ್ಲಿದೆ. ಅಪಾಯ ಇದೆ, ನಿಜ. ಆದರೆ "ಅಳಿವಿನಂಚು" ಅನ್ನುವುದು ಎರಡು ಮೆಟ್ಟಿಲು ದಾಟಿದ ಮೇಲಿನ ಮಾತು. ಎಲ್ಲದಕ್ಕೂ ಅದೇ ಪದ ಬಳಸಿದರೆ ನಿಜವಾಗಿ ಅಂಚಿನಲ್ಲಿರುವ ಗಿಡಕ್ಕೆ ಹೇಳಲು ಪದವೇ ಉಳಿಯುವುದಿಲ್ಲ.

ಎರಡನೆಯದು ದಿನಾಂಕ. ಇದನ್ನು ಯಾರೂ ನೋಡುವುದಿಲ್ಲ, ನನಗೆ ಸಿಟ್ಟು ಬರುವುದೂ ಇದಕ್ಕೇ. ಅಶೋಕದ ದರ್ಜೆ 1998ರ ಪಟ್ಟಿಯಲ್ಲಿ ಬಂದದ್ದು. ಅದಕ್ಕೆ ಆಧಾರ 1997ರ ಜನವರಿಯಲ್ಲಿ ಭಾರತದ ಔಷಧೀಯ ಸಸ್ಯಗಳ ಬಗ್ಗೆ ತಜ್ಞರು ಸೇರಿ ನಡೆಸಿದ ಕಾರ್ಯಾಗಾರ. ಹತ್ತು ವರ್ಷ ದಾಟಿದ ಮೌಲ್ಯಮಾಪನವನ್ನು ಐಯುಸಿಎನ್ ತಾನೇ ಹಳತು ಅಂತ ಪರಿಗಣಿಸುತ್ತದೆ. ಇದು ಅದಕ್ಕಿಂತ ಎಷ್ಟೋ ಹಳೆಯದು. ನೀವು ತೆರೆದ ಪುಟದಲ್ಲಿ ಹೊಸ ವರ್ಷ ಕಂಡರೆ ಅದನ್ನೇ ಹಿಡಿಯಿರಿ. ಹಳೆಯದೇ ಇದ್ದರೆ, ಬೇರೆಯವರಿಗೆ ಹೇಳುವಾಗ ವರ್ಷ ಸೇರಿಸಿ ಹೇಳಿ: "1998ರಲ್ಲಿ ವಲ್ನರಬಲ್ ಅಂತ ಗುರುತಿಸಿದ್ದರು." ಇಷ್ಟೇ ಬದಲಾವಣೆ, ಆದರೆ ಮಾತು ಸರಿಯಾಗುತ್ತದೆ.

ದಿನಾಂಕ ಯಾಕೆ ಮುಖ್ಯ ಅನ್ನುವುದಕ್ಕೆ ಇದೇ ಕುಟುಂಬದ ರಕ್ತಚಂದನ ನೋಡಿ. ಅದು ಎಂಡೇಂಜರ್ಡ್ ಆಗಿತ್ತು. 2018ರಲ್ಲಿ ನಿಯರ್ ಥ್ರೆಟನ್ಡ್ ಅಂತ, ಅಂದರೆ ವಲ್ನರಬಲ್‌ಗಿಂತಲೂ ಒಂದು ಮೆಟ್ಟಿಲು ಕೆಳಗೆ, ಇಳಿಸಿದರು. ಕೆಲವೇ ವರ್ಷಗಳಲ್ಲಿ ಮತ್ತೆ ಎಂಡೇಂಜರ್ಡ್ ಆಯಿತು. ಆ ನಡುವೆ ಅದು ಬೆಳೆಯುವ ಆಂಧ್ರದ ಶೇಷಾಚಲದ ಕಾಡು ತುಂಬಿಕೊಂಡು ಮತ್ತೆ ಖಾಲಿ ಆಯಿತಾ? ಅಷ್ಟು ನಿಧಾನವಾಗಿ ಬೆಳೆಯುವ ಮರಕ್ಕೆ ಅದು ಸಾಧ್ಯವೇ ಇಲ್ಲ. ದರ್ಜೆ ಬದಲಾದಾಗ ಮರದ ಸ್ಥಿತಿ ಬದಲಾಗಿರಬಹುದು, ನಮ್ಮ ಕೈಲಿರುವ ಮಾಹಿತಿ ಬದಲಾಗಿರಬಹುದು, ಲೆಕ್ಕ ಹಾಕುವ ರೀತಿಯೂ ಬದಲಾಗಿರಬಹುದು. ಯಾವುದು ಅಂತ ಪುಟದ ಒಳಗೆ ಓದಿದರೇ ಗೊತ್ತಾಗುವುದು.

ಮೂರನೆಯದು, ದರ್ಜೆಯ ಪಕ್ಕದಲ್ಲಿ ಬರೆದಿರುವ ಸಣ್ಣ ಸಂಕೇತ. ಅಶೋಕಕ್ಕೆ ಬಿ1+2ಸಿ ಅಂತ ಇದೆ, ಜೊತೆಗೆ ಆವೃತ್ತಿ 2.3. ನೋಡಿದರೆ ಗಣಿತದ ಪರೀಕ್ಷೆ ಅನ್ನಿಸುತ್ತದೆ, ಆದರೆ ಇಡೀ ಪುಟದಲ್ಲಿ ಹೆಚ್ಚು ಮಾತಾಡುವುದು ಇದೇ. 2.3 ಅನ್ನುವುದು 1994ರ ನಿಯಮಗಳು. ಈಗ ಬಳಸುವುದು 2001ರ 3.1. ಎರಡರಲ್ಲೂ "ಬಿ" ಅಂದರೆ ಮರ ಹರಡಿರುವ ಪ್ರದೇಶ ಚಿಕ್ಕದು ಅಂತ. ವಲ್ನರಬಲ್ ಆಗಬೇಕಾದರೆ ಹರಡಿರುವ ಒಟ್ಟು ವ್ಯಾಪ್ತಿ 20,000 ಚದರ ಕಿಲೋಮೀಟರ್‌ಗಿಂತ ಕಡಿಮೆ ಇರಬೇಕು, ಇಲ್ಲವೇ ಅದರೊಳಗೆ ಮರ ನಿಜವಾಗಿ ನೆಲೆಸಿರುವ ಜಾಗ 2,000 ಚದರ ಕಿಲೋಮೀಟರ್‌ಗಿಂತ ಕಡಿಮೆ ಇರಬೇಕು. ಹಳೆಯ ನಿಯಮದಲ್ಲಿ ನಂತರದ "1" ಅಂದರೆ ಆ ಜಾಗ ತುಂಡು ತುಂಡಾಗಿದೆ ಅಥವಾ ಕೆಲವೇ ನೆಲೆಗಳಲ್ಲಿ ಉಳಿದಿದೆ ಅಂತ. "2ಸಿ" ಅಂದರೆ ನೆಲೆಯ ವಿಸ್ತಾರ ಅಥವಾ ಗುಣ ಕುಸಿಯುತ್ತಲೇ ಇದೆ ಅಂತ.

ಇದನ್ನು ಓದಿದ ಮೇಲೆ ಒಂದು ಸಂಗತಿ ಹೊಳೆಯಬೇಕು. ಎಲ್ಲರೂ ತೊಗಟೆ ವ್ಯಾಪಾರದಿಂದ ಅಶೋಕ ಹೋಯಿತು ಅನ್ನುತ್ತಾರೆ. ತೊಗಟೆಯ ಹಾವಳಿ ಇರುವುದು ಹೌದು, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಆ ದರ್ಜೆ ನಿಂತಿರುವುದು ತೊಗಟೆಯ ಮೇಲಲ್ಲ, ಜಾಗದ ಮೇಲೆ. ಹಳ್ಳದ ದಂಡೆಯ ನೆರಳು, ತೇವ ಹೋದರೆ ಅಶೋಕವೂ ಹೋಗುತ್ತದೆ, ಯಾರೂ ಒಂದು ಚೂರು ತೊಗಟೆ ಮುಟ್ಟದಿದ್ದರೂ. ಸಂಖ್ಯೆ ಎಷ್ಟು ಕುಸಿದಿದೆ ಅನ್ನುವ ಲೆಕ್ಕಕ್ಕೆ "ಎ" ಅನ್ನುವ ಬೇರೆ ಸಂಕೇತವೇ ಇದೆ. ಇಲ್ಲಿ ಅದು ಇಲ್ಲ. ಹಾಗಾಗಿ "ಅಶೋಕದ ಸಂಖ್ಯೆ ಇಷ್ಟು ಪರ್ಸೆಂಟ್ ಇಳಿದಿದೆ" ಅಂತ ಯಾರಾದರೂ ರೆಡ್ ಲಿಸ್ಟ್ ಹೆಸರು ಹೇಳಿ ಬರೆದರೆ, ಎಲ್ಲಿಂದ ತಂದಿರಿ ಅಂತ ಕೇಳಿ.

ಈ ದರ್ಜೆ ಇಡೀ ಪ್ರಪಂಚಕ್ಕೆ ಸೇರಿಸಿ ಕೊಟ್ಟದ್ದು ಅನ್ನುವುದೂ ತಲೆಯಲ್ಲಿರಲಿ. ಒಂದು ರಾಜ್ಯದ ಮಟ್ಟದಲ್ಲಿ ತಜ್ಞರು ಕೂತು ಲೆಕ್ಕ ಹಾಕಿದರೆ ಬೇರೆ ದರ್ಜೆ ಬರಬಹುದು. ಕರ್ನಾಟಕದ್ದು, ಮಹಾರಾಷ್ಟ್ರದ್ದು, ಗೋವಾದ್ದು ಬೇರೆ ಬೇರೆ ಇದ್ದರೆ ಯಾರೋ ಸುಳ್ಳು ಹೇಳಿದ್ದಾರೆ ಅಂತಲ್ಲ.

ಪಟ್ಟಿ ಬೇರೆ, ಕಾನೂನು ಬೇರೆ

ರೆಡ್ ಲಿಸ್ಟ್‌ನಲ್ಲಿದೆ ಅಂದ ಮಾತ್ರಕ್ಕೆ ಕಡಿದವನಿಗೆ ಜೈಲು ಅಂತಲ್ಲ. ಅದು ಅಪಾಯದ ಅಂದಾಜು ಅಷ್ಟೇ. ಕಾನೂನನ್ನು ಬೇರೆಯಾಗಿ ನೋಡಬೇಕು. ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟ್ಸ್ ಒಪ್ಪಂದ ಇದೆ. ಬೀಟೆ ಸೇರಿದಂತೆ ಡಾಲ್ಬರ್ಜಿಯಾ ಜಾತಿಯ ಹೆಚ್ಚುಕಡಿಮೆ ಎಲ್ಲಾ ಮರಗಳೂ 2017ರಿಂದ ಅದರ ಎರಡನೇ ಅನುಬಂಧದಲ್ಲಿವೆ, ಅಂದರೆ ವ್ಯಾಪಾರಕ್ಕೆ ನಿಯಂತ್ರಣ ಇರುವ ಪಟ್ಟಿಯಲ್ಲಿ. ದೇಶದೊಳಗೆ 2002ರ ಜೀವವೈವಿಧ್ಯ ಕಾಯ್ದೆಯ 38ನೇ ಕಲಂ ಪ್ರಕಾರ ಕೇಂದ್ರ ಸರ್ಕಾರ, ರಾಜ್ಯಗಳ ಜೊತೆ ಮಾತಾಡಿ, ಆಯಾ ರಾಜ್ಯದ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಹೊರಡಿಸಬಹುದು. ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆ.

ನಗರದಲ್ಲಿರುವ ಮರಕ್ಕೆ ಇನ್ನೂ ಸರಳವಾದ ರಕ್ಷಣೆ ಇದೆ. ಮಹಾರಾಷ್ಟ್ರದ ನಗರಗಳಿಗೆ 1975ರ ಮರಗಳ ಸಂರಕ್ಷಣಾ ಕಾಯ್ದೆ. ಅದರಂತೆ ಸೊಸೈಟಿ ಒಳಗಿನ ಮರ ಕಡಿಯಲೂ ಪಾಲಿಕೆಯ ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. 2021ರ ತಿದ್ದುಪಡಿಯಲ್ಲಿ 50 ವರ್ಷ ದಾಟಿದ ಮರಗಳನ್ನು ಪಾರಂಪರಿಕ ಮರ ಅಂತ ಗುರುತಿಸುವ ಅವಕಾಶವೂ ಬಂತು. ಗೋವಾದಲ್ಲಿ 1984ರ ಕಾಯ್ದೆ ಇದೆ. ರೀಡೆವಲಪ್‌ಮೆಂಟ್‌ಗೆ ಬಿಲ್ಡರ್ ಬಂದಾಗ "ಇದು ರೆಡ್ ಲಿಸ್ಟ್ ಮರ" ಅಂತ ವಾದ ಮಾಡುವುದಕ್ಕಿಂತ ಈ ಕಾಯ್ದೆಯ ಹೆಸರು ಹೇಳಿ ಅನುಮತಿ ಪತ್ರ ತೋರಿಸಿ ಅನ್ನುವುದು ಹೆಚ್ಚು ಕೆಲಸ ಮಾಡುತ್ತದೆ. ಮರದ ವಯಸ್ಸಿಗೆ ಸಾಕ್ಷಿಯಾಗಿ ಸೊಸೈಟಿಯ ಹಳೆಯ ಫೋಟೋಗಳನ್ನು ಈಗಲೇ ಹುಡುಕಿ ಇಟ್ಟುಕೊಳ್ಳಿ. ಗಣಪತಿ ಹಬ್ಬದ ಹಳೆಯ ಗ್ರೂಪ್ ಫೋಟೋಗಳ ಹಿಂದೆ ಮರ ನಿಂತೇ ಇರುತ್ತದೆ.

ತೊಗಟೆಯ ವಿಷಯ

ಅಶೋಕಾರಿಷ್ಟ ಅನ್ನುವ ಆಯುರ್ವೇದ ಔಷಧ ಗೊತ್ತಿಲ್ಲದ ಮನೆ ಕಡಿಮೆ. ಅದಕ್ಕೆ ಬೇಕಾದದ್ದು ಕಾಂಡದ ತೊಗಟೆ. ಎಲೆಯೋ ಹಣ್ಣೋ ಆಗಿದ್ದರೆ ಕಿತ್ತರೂ ಮತ್ತೆ ಬರುತ್ತಿತ್ತು. ಮರ ಎಲೆಯಲ್ಲಿ ಮಾಡಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಸುತ್ತಲೂ ಉಂಗುರದಂತೆ ಸುಲಿದರೆ ಬೇರು ಹಸಿದು ಸಾಯುತ್ತದೆ, ಅದರ ಹಿಂದೆ ಮರ. ಕಾಡಿನಲ್ಲಿ ಎಷ್ಟೋ ಸಲ ಸುಲಿಯುವ ಕಷ್ಟವೂ ಬೇಡ ಅಂತ ಮರವನ್ನೇ ಉರುಳಿಸುತ್ತಾರೆ.

ಬೇಡಿಕೆಗೆ ತಕ್ಕಷ್ಟು ಮರ ಇಲ್ಲದಿದ್ದಾಗ ಏನಾಗುತ್ತದೆ? ಬೇರೆ ತೊಗಟೆ ಬೆರೆಯುತ್ತದೆ. ಮುಖ್ಯವಾಗಿ ನಮ್ಮ ಕಾಂಪೌಂಡಿನ ಕಂಬದ ಮರದ್ದು. ದಕ್ಷಿಣ ಭಾರತದ ಮಾರುಕಟ್ಟೆಗಳಿಂದ ಅಶೋಕ ತೊಗಟೆ ಅಂತ ಮಾರುತ್ತಿದ್ದ ಮಾದರಿಗಳನ್ನು ತಂದು ಡಿಎನ್‌ಎ ಪರೀಕ್ಷೆ ಮಾಡಿದ ಅಧ್ಯಯನ 2016ರಲ್ಲಿ ಬಂತು. ಹೆಚ್ಚಿನವು ಅಶೋಕವೇ ಆಗಿರಲಿಲ್ಲ.

ಇದರಿಂದ ನಾವು ಮಾಡಬೇಕಾದದ್ದು ಸರಳ. ಬಿಡಿ ತೊಗಟೆ, ಪುಡಿ ಕೊಳ್ಳಬೇಡಿ. ನಿಜವಾದದ್ದಾದರೆ ಬಹುಶಃ ಕಾಡಿನ ಮರ ಹೋಗಿದೆ, ಸುಳ್ಳಾದರೆ ನಿಮ್ಮ ದುಡ್ಡು ಹೋಗಿದೆ. ವೈದ್ಯರು ಬರೆದುಕೊಟ್ಟಿದ್ದರೆ ಅವರ ಹತ್ತಿರವೇ ಕೇಳಿ ಯಾವುದು, ಎಲ್ಲಿಂದ ಅಂತ. ಮತ್ತೆ ಯಾರೋ ಯೂಟ್ಯೂಬ್‌ನಲ್ಲಿ ಹೇಳಿದರು ಅಂತ ಪಾರ್ಕಿನ ಮರಕ್ಕೆ ಚಾಕು ಹಾಕುವವರನ್ನು ಕಂಡರೆ ಅಲ್ಲೇ ತಡೆಯಿರಿ. ಆಗಲೇ ಗಾಯ ಆಗಿದ್ದರೆ ಸಿಮೆಂಟ್, ಪೇಂಟ್ ಏನೂ ಬಳಿಯಬೇಡಿ. ಗಾಳಿಯಾಡಲು ಬಿಟ್ಟು, ಬೇಸಿಗೆಯಲ್ಲಿ ನೀರು ಕೊಡುತ್ತಾ ಹೋಗಿ.

ಕಾಡಿನ ಮರ ಕಂಡರೆ ದಾಖಲಿಸುವುದು

ಐಯುಸಿಎನ್ ಲೆಕ್ಕಕ್ಕೆ ತೆಗೆದುಕೊಳ್ಳುವುದು ಸಹಜ ನೆಲೆಯಲ್ಲಿ ತಾನಾಗಿ ಬೆಳೆದ ಮರಗಳನ್ನು. ತೋಟಕ್ಕೆ, ಅಂದಕ್ಕೆ ನೆಟ್ಟದ್ದು ಸೇರುವುದಿಲ್ಲ. ಕೋಥ್ರೂಡ್, ಔಂಧ್‌ನ ಸೊಸೈಟಿಗಳಲ್ಲಿ ಸಾವಿರ ಸೀತಾ ಅಶೋಕ ನೆಟ್ಟರೂ ಆ ವಿಯು ಅನ್ನುವ ಗುರುತು ಕದಲುವುದಿಲ್ಲ. ಕದಲಬೇಕಾದರೆ ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಏನು ಉಳಿದಿದೆ ಅಂತ ಗೊತ್ತಾಗಬೇಕು. ಅಲ್ಲಿ ಓಡಾಡುವವರು ನಾವೇ ಅಲ್ವಾ? ಆಂಬೋಲಿ, ಚೋರ್ಲಾ, ಅನಮೋಡ, ಅರಬೈಲು ಇವೆಲ್ಲ ನಮ್ಮ ಊರಿನ ದಾರಿಗಳು. ಕೊಂಕಣದ ದೇವರಾಯಿ, ನಮ್ಮ ಕಡೆಯ ದೇವರಕಾಡು, ನೀರಿನ ಪಕ್ಕದ ನೆರಳು, ಇಂಥ ಕಡೆ ಕಣ್ಣಿಟ್ಟಿರಿ.

ಕಂಡಾಗ ಹೂವಿನ ಸೆಲ್ಫಿ ಒಂದೇ ಸಾಲದು. ಇಡೀ ಮರ, ಕಾಂಡ, ಪಕ್ಕದಲ್ಲಿ ಕೈ ಇಟ್ಟು ಎಲೆ, ಕಾಯಿ ಇದ್ದರೆ ಕಾಯಿ, ಸುತ್ತಲಿನ ಜಾಗ, ಇವಿಷ್ಟರ ಫೋಟೋ ತೆಗೆಯಿರಿ. ಕಾಂಡದ ಮೇಲೆ ಸುಲಿದ ಗುರುತು ಇದೆಯಾ ನೋಡಿ. ಆಮೇಲೆ ಬಗ್ಗಿ ನೆಲ ನೋಡಿ. ಮರದ ಕೆಳಗೆ ಸಣ್ಣ ಸಸಿಗಳಿವೆಯಾ? ಮೊಣಕಾಲೆತ್ತರದ ಮರಿಗಳು? ಇದೇ ಎಲ್ಲಕ್ಕಿಂತ ಮುಖ್ಯವಾದ ಮಾಹಿತಿ, ಯಾರೂ ಬರೆಯದ ಮಾಹಿತಿಯೂ ಇದೇ. ದೊಡ್ಡ ಮರ ಐದಾರು ಇದ್ದು ಕೆಳಗೆ ಒಂದೂ ಮರಿ ಇಲ್ಲದಿದ್ದರೆ ಆ ನೆಲೆ ನೋಡಲು ಚಂದ ಇದ್ದರೂ ಮುಂದಿನ ತಲೆಮಾರು ಅಲ್ಲಿಲ್ಲ.

ಫೋಟೋಗಳನ್ನು ಜನರು ಕಂಡ ಗಿಡ, ಪ್ರಾಣಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ತಾಣಕ್ಕೆ ಹಾಕಿ. ನೆಟ್ಟ ಮರವಾದರೆ "ಬೆಳೆಸಿದ್ದು" ಅನ್ನುವ ಗುರುತು ತಪ್ಪದೆ ಒತ್ತಿ, ಇಲ್ಲದಿದ್ದರೆ ಸೊಸೈಟಿಯ ಮರ ಕಾಡಿನ ಮರದ ಲೆಕ್ಕಕ್ಕೆ ಸೇರಿ ನಕ್ಷೆ ಕೆಡುತ್ತದೆ. ಅಪಾಯದ ಪಟ್ಟಿಯಲ್ಲಿರುವ ಗಿಡಗಳ ನಿಖರ ಜಾಗವನ್ನು ಐನ್ಯಾಚುರಲಿಸ್ಟ್ ಸಾಮಾನ್ಯವಾಗಿ ತಾನೇ ಮಸುಕು ಮಾಡುತ್ತದೆ, ಆದರೂ ಸೆಟ್ಟಿಂಗ್ ಒಮ್ಮೆ ನೋಡಿಕೊಳ್ಳಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಆ ವ್ಯವಸ್ಥೆ ಇಲ್ಲ. ಅಲ್ಲಿ ಊರು, ಹಳ್ಳದ ಹೆಸರು ಹಾಕಲೇಬೇಡಿ, ಜಿಲ್ಲೆ ಹೇಳಿದರೆ ಸಾಕು. ಫೋಟೋ ನೋಡಿ ಖುಷಿಪಡುವವರ ಜೊತೆ ತೊಗಟೆ ವ್ಯಾಪಾರಿಯೂ ನೋಡುತ್ತಾನೆ.

ಊರಿನಲ್ಲಿ ಹೇಳಬೇಕಾದ್ದು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ. ಪ್ರತಿ ಪಂಚಾಯಿತಿಯಲ್ಲೂ ಅಂಥ ಸಮಿತಿ, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು ಅಂತ 2002ರ ಕಾಯ್ದೆ, ಅದರ ನಿಯಮಗಳಲ್ಲೇ ಇದೆ. ಎಷ್ಟೋ ಕಡೆ ಕಾಗದದ ಮೇಲಷ್ಟೇ ಇರುತ್ತದೆ, ಹೌದು. ಆದರೂ ಒಂದು ಅರ್ಜಿ ಬರೆದುಕೊಟ್ಟು ಸ್ವೀಕೃತಿ ತಗೊಂಡಿರಿ. ಮುಂದೆ ರಸ್ತೆ ಅಗಲೀಕರಣ ಅಂತ ಬಂದಾಗ ಇಲ್ಲಿ ಅಶೋಕ ಇತ್ತು ಅನ್ನಲು ಒಂದು ಕಾಗದ ಬೇಕು.

ಇಲ್ಲಿ ನೆಡಲೇಬೇಕು ಅನ್ನುವವರಿಗೆ

ನೆಟ್ಟರೆ ದರ್ಜೆ ಬದಲಾಗುವುದಿಲ್ಲ ಅಂದೆ, ನೆಡಬೇಡಿ ಅನ್ನಲಿಲ್ಲ. ಮಕ್ಕಳಿಗೆ ತೋರಿಸಲು, ಬೀಜಕ್ಕೆ, ನೆರಳಿಗೆ ಇದಕ್ಕಿಂತ ಒಳ್ಳೆಯ ಮರ ಸಿಗುವುದು ಕಷ್ಟ. ಜಾಗ ಮಾತ್ರ ನೋಡಿ ಆರಿಸಿ. ವೇತಾಳ ಟೇಕಡಿಯಂಥ ಗುಡ್ಡಗಳಲ್ಲಿ ನೆಡಲು ಹೋಗಬೇಡಿ. ಅದು ಹುಲ್ಲು, ಕುರುಚಲು ಗಿಡಗಳ ಒಣ ನೆಲ. ಅಲ್ಲಿ ಅಶೋಕ ಬದುಕುವುದಿಲ್ಲ, ಬದುಕಿಸಲು ಗುಂಡಿ ತೋಡಿ ಟ್ಯಾಂಕರ್ ನೀರು ಹಾಕಿದರೆ ಅಲ್ಲಿನ ಸ್ವಂತ ಗಿಡಗಳಿಗೇ ತೊಂದರೆ. ಹಾಗೆಯೇ ನರ್ಸರಿಯ ಸಸಿ ಒಯ್ದು ಘಟ್ಟದ ಕಾಡಿನಲ್ಲಿ ನೆಡುವುದೂ ಬೇಡ. ಎಲ್ಲಿಯ ಬೀಜವೋ ಏನೋ, ಅಲ್ಲಿರುವ ತಳಿಯ ಜೊತೆ ಬೆರೆಯುತ್ತದೆ.

ಸೊಸೈಟಿಯಲ್ಲಿ ಕಟ್ಟಡದ ಪೂರ್ವಕ್ಕೆ, ಮಧ್ಯಾಹ್ನದ ಮೇಲೆ ನೆರಳು ಬೀಳುವ ಕಡೆ ಒಳ್ಳೆಯದು. ಮುಂಬೈ, ಗೋವಾದ ತೇವದ ಗಾಳಿ ಇದಕ್ಕೆ ಹಿಡಿಸುತ್ತದೆ. ಪುಣೆಯ ಏಪ್ರಿಲ್‌ನ ಒಣ ಗಾಳಿಗೆ ಎಳೆಗಿಡದ ಎಲೆಯ ಅಂಚು ಸುಟ್ಟುಹೋಗುತ್ತದೆ, ಹಾಗಾಗಿ ಮೊದಲ ಎರಡು ಮೂರು ಬೇಸಿಗೆ ಬುಡಕ್ಕೆ ಒಣ ಎಲೆ ದಪ್ಪಗೆ ಹಾಸಿ, ನೀರು ತಪ್ಪಿಸಬೇಡಿ. ಗೋಡೆಯಿಂದ ಹತ್ತು ಹನ್ನೆರಡು ಅಡಿ ಬಿಡಿ, ಮರ ಅಗಲಕ್ಕೆ ಹರಡುತ್ತದೆ.

ಬೀಜ ಬೇಕಾದರೆ ಕಾಯಿ ಬಲಿತು ಬೀಳುವ ಹೊತ್ತಿಗೆ, ಮಳೆಗಾಲದ ಆಸುಪಾಸು, ಗೊತ್ತಿರುವ ಮರದ ಕೆಳಗೆ ಹುಡುಕಿ. ಕಾಯಿ ಚಪ್ಪಟೆ, ಚರ್ಮದಂತೆ ಗಟ್ಟಿ, ಒಳಗೆ ದೊಡ್ಡ ಚಪ್ಪಟೆ ಬೀಜಗಳು. ತೂತು ಬಿದ್ದದ್ದು, ಒತ್ತಿದರೆ ಮೆತ್ತಗಿರುವುದು ಬಿಡಿ. ಡಬ್ಬಿಯಲ್ಲಿ ಹಾಕಿ ಮುಂದಿನ ವರ್ಷಕ್ಕೆ ಇಡುತ್ತೇನೆ ಅಂದರೆ ಆಗದು. ಒಣಗಿದರೆ ಮೊಳೆಯುವ ಶಕ್ತಿ ಬೇಗ ಹೋಗುತ್ತದೆ. ತಂದ ವಾರದಲ್ಲೇ ಮಣ್ಣು, ಮರಳು, ಗೊಬ್ಬರ ಬೆರೆಸಿದ ಚೀಲಕ್ಕೆ ಅಡ್ಡಡ್ಡ ಮಲಗಿಸಿ, ಬೀಜ ಮುಚ್ಚುವಷ್ಟು ಮಾತ್ರ ಮಣ್ಣು ಹಾಕಿ. ತೂತು ಮಾಡಿದ ಹಾಲಿನ ಪ್ಯಾಕೆಟ್ಟೂ ಆಗುತ್ತದೆ, ಎರಡು ಎಲೆ ಬಂದ ಮೇಲೆ ದೊಡ್ಡ ಚೀಲಕ್ಕೆ ಬದಲಿಸಿ. ನೆರಳಲ್ಲಿಡಿ, ತೇವ ಆರಬಾರದು, ನೀರು ನಿಲ್ಲಲೂ ಬಾರದು.

ಮೊಳೆತ ಮೇಲೆ ಮೊದಲ ಎಲೆಗಳು ಜೋತು ಬೀಳುತ್ತವೆ. ಎಲ್ಲರೂ ಗಾಬರಿಯಾಗುವುದು ಇಲ್ಲೇ, ಬಾಡಿತು ಅಂತ ಮಗ್ಗಟ್ಟಲೆ ನೀರು ಸುರಿದು ಬೇರು ಕೊಳೆಸುತ್ತಾರೆ. ಈ ಮರದ ಚಿಗುರು ಇರುವುದೇ ಹಾಗೆ. ಬೆರಳು ಮಣ್ಣಿಗೆ ಹಾಕಿ ನೋಡಿ, ಒಳಗೆ ತಂಪಿದ್ದರೆ ಸುಮ್ಮನಿರಿ. ಸಸಿ ಎರಡು ಅಡಿ ದಾಟಿದ ಮೇಲೆ, ಮಳೆ ಹಿಡಿದ ಮೇಲೆ, ನೆಲಕ್ಕೆ ಇಳಿಸಿ. ನಿಧಾನದ ಮರ, ಹೂವಿಗೆ ವರ್ಷಗಟ್ಟಲೆ ಕಾಯಬೇಕು.

ಮಿಕ್ಕ ಸಸಿಗಳನ್ನು ಅರಿಶಿನ-ಕುಂಕುಮಕ್ಕೆ ಬಂದವರಿಗೆ, ಕನ್ನಡ ಸಂಘದಲ್ಲಿ ಸಿಗುವ ಸ್ನೇಹಿತರಿಗೆ ಧಾರಾಳವಾಗಿ ಕೊಡಿ. ಕೊಡುವಾಗ ಪ್ರತಿ 
ಚೀಲಕ್ಕೆ ಒಂದು ಚೀಟಿ ಕಟ್ಟಿ: ಸಸ್ಯನಾಮ, ಬೀಜ ಹೆಕ್ಕಿದ ಮರ ಯಾವ ಊರಿನದು, ಅದು ನೆಟ್ಟ ಮರವೋ ಕಾಡಿನದೋ, ಬಿತ್ತಿದ ತಿಂಗಳು. ಪೆನ್ನಿನಲ್ಲಿ ಬೇಡ, ಮಳೆಗೆ ಅಳಿಸುತ್ತದೆ. ಪೆನ್ಸಿಲ್ಲಿನಲ್ಲಿ ಬರೆಯಿರಿ.